ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ದಾನಿ ಎಂದು ಕರೆಯಬಹುದೇ? ಹಾಸನದ ಕಿರುಹೊತ್ತಿಗೆಗಾಗಿ ಒಂದು ಚರ್ಚೆ

ವಾಚನಾಲಯ_ಹಾಸನ (ಚರ್ಚೆ ಆರಂಭಿಸಿದವರು)

ಮಾನ್ಯರೇ, ಹಾಸನದ ನಮ್ಮ ಬಡಾವಣೆಯ ವಾಚನಾಲಯದ ವತಿಯಿಂದ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಿಗೆಯನ್ನು ಸಿದ್ಧಪಡಿಸುತ್ತಿದ್ದೇವೆ. ಸ್ವಂತ ದುಡಿಮೆಯಿಂದ ಕಾರ್ಖಾನೆ ಕಟ್ಟಿ, ಸುತ್ತಲಿನ ಜನರಿಗೂ ನೆರವಾದ ಒಬ್ಬರ ಜೀವನವನ್ನು ಅದರಲ್ಲಿ ಹೇಳಬೇಕೆಂಬುದು ಉದ್ದೇಶ. ಸಮಿತಿಯಲ್ಲಿ ಹಲವು ಹೆಸರುಗಳು ಬಂದವು. ನಾನು ಸೂಚಿಸಿದ್ದು ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಓದಿನಲ್ಲಿ ಅಷ್ಟೇನೂ ಆಸಕ್ತಿ ಇರದ, ಚಿತ್ರಕಲೆ ಮತ್ತು ಯಂತ್ರಗಳೆರಡರ ಹುಚ್ಚಿದ್ದ ಹುಡುಗ, ಅಣ್ಣ ರಾಮುಅಣ್ಣನವರ ನೆರವಿನಿಂದ ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುವುದಿಲ್ಲ ಎಂಬುದು ಅಲ್ಲಿ ಪತ್ತೆಯಾಯಿತು. ಬಣ್ಣವನ್ನು ಬಿಟ್ಟು, ಬರೀ ಗೆರೆಯ ಕೆಲಸವಾದ ಯಂತ್ರರೇಖನವನ್ನು ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತು, ಅಲ್ಲಿಯೇ ಶಿಕ್ಷಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ ಸಹೋದ್ಯೋಗಿಗೆ ಹೋದಾಗ ಆ ಕೆಲಸವನ್ನು ಬಿಟ್ಟರು. ಬೆಳಗಾವಿಯಲ್ಲಿ ಅಣ್ಣತಮ್ಮಂದಿರು ನಡೆಸುತ್ತಿದ್ದ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಅವರ ಉದ್ಯಮ ಬೆಳೆಯಿತು. 1910ರಲ್ಲಿ, ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಎಂಬ ಪುಟ್ಟ ಸಂಸ್ಥಾನದ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಎಂಬ ಊರನ್ನೇ ಕಟ್ಟಿದರು. 1956ರಲ್ಲಿ ತೀರಿಕೊಂಡರು.

ಸಮಿತಿಯ ಹಿರಿಯರೊಬ್ಬರ ಆಕ್ಷೇಪ ಹೀಗಿದೆ: "ಇವರು ಕಾರ್ಖಾನೆ ಕಟ್ಟಿದವರು, ಅಷ್ಟೇ. ಯಾವ ಛತ್ರ ಕಟ್ಟಿಸಿದರು, ಯಾವ ಆಸ್ಪತ್ರೆಗೆ ಇವರ ಹೆಸರಿದೆ?" ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದೆ ಪುಸ್ತಕ ಅಚ್ಚಿಗೆ ಹೋಗಬಾರದೆಂದು ನನಗೆ ಅನ್ನಿಸಿದೆ. ತಮ್ಮ ಅಭಿಪ್ರಾಯ ತಿಳಿಸಬೇಕು.

ಟರ್ನರ್_ಬಿಎಂರಸ್ತೆ

ಸರ್, ನಾನು ಹಾಸನದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಡ್ರಮ್ಮಿಗೆ ತಾಮ್ರದ ತಗಡು ಹಾಕುವುದು, ಶಾಫ್ಟ್ ತಿರುವುವುದು, ಬೇರಿಂಗ್ ಕೂರುವ ಜಾಗ ಬೋರ್ ಮಾಡುವುದು, ಟ್ರ್ಯಾಕ್ಟರಿನ ಬುಷ್ ಮಾಡುವುದು ನಮ್ಮ ಕೆಲಸ. ನಾನು ಕೆಲಸ ಕಲಿತ ಲೇತ್, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯದು. 1941ರಲ್ಲಿ ಆರಂಭವಾದ ಆ ಕಾರ್ಖಾನೆ ಈಗ ಮುಚ್ಚಿದೆ. ಲೇತ್ ಮಾತ್ರ ಓಡುತ್ತಿದೆ. ಅದರ ತಳದ ಹಳಿ (ಬೆಡ್) ಸವೆದಿರುವ ಕಡೆ ಕೈ ಲೆಕ್ಕದಲ್ಲಿ ಸರಿದೂಗಿಸಿಕೊಂಡು ಕೆಲಸ ಮಾಡುತ್ತೇವೆ. ಈ ಭಾಗದ ಹಳೆಯ ವರ್ಕ್‌ಶಾಪ್‌ಗಳಲ್ಲಿ ಇಂಥ ಲೇತ್‌ಗಳು ಇನ್ನೂ ಕಾಣಸಿಗುತ್ತವೆ. ಆದ್ದರಿಂದ ಈ ಹೆಸರು ನಮ್ಮ ಹುಡುಗರಿಗೆ ಹೊಸದಲ್ಲ. ಅದು ಒಬ್ಬ ಮನುಷ್ಯನ ಹೆಸರು ಎಂಬುದಷ್ಟೇ ಅವರಿಗೆ ಗೊತ್ತಿಲ್ಲ. ನನ್ನ ಮತ ಇವರಿಗೇ.

ಅರಕಲಗೂಡು_ರೈತ

ನೇಗಿಲಿನ ವಿಚಾರವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಈ ಜೀವನದ ತಿರುಳು ಅಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಕಬ್ಬಿಣದ ನೇಗಿಲು ತಯಾರಾದ ಮೇಲೆ ಎರಡು ವರ್ಷ ಅದನ್ನು ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ರೈತರು ನಂಬಿದ್ದರು ಎಂದು ಎಲ್ಲ ಕಡೆ ಬರೆಯುತ್ತಾರೆ. ರೈತನ ಮೂಢನಂಬಿಕೆ, ಉದ್ಯಮಿಯ ವಿವೇಕ ಎಂಬ ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಮಾತನ್ನು ರೈತರು ಆಡಿಯೇ ಇರಬಹುದು. ಆದರೆ ಮರದ ನೇಗಿಲಿನ ತುದಿಗೂ ಕಬ್ಬಿಣದ ಕುಳ ಇದ್ದೇ ಇತ್ತಲ್ಲವೇ? ಕಬ್ಬಿಣ ಮಣ್ಣಿಗೆ ತಾಗುವುದು ಅವರಿಗೆ ಹೊಸ ಸಂಗತಿಯಾಗಿರಲಿಲ್ಲ.

ಹಿಂಜರಿಕೆಗೆ ಬೇರೆ ಕಾರಣಗಳಿದ್ದವೆಂದು ನಾನು ತಿಳಿಯುತ್ತೇನೆ. ಮರದ ನೇಗಿಲನ್ನು ಊರಿನ ಆಚಾರಿ ಮಾಡಿಕೊಡುತ್ತಿದ್ದ, ಕುಳವನ್ನು ಕಮ್ಮಾರ ತಟ್ಟಿಕೊಡುತ್ತಿದ್ದ. ಇಬ್ಬರಿಗೂ ಸುಗ್ಗಿಯಲ್ಲಿ ಕಣದಲ್ಲೇ ಆಯ, ಅಂದರೆ ಕೂಲಿಯ ಧಾನ್ಯ, ಅಳೆದುಕೊಡುತ್ತಿದ್ದರು. ಕೈಯಿಂದ ನಗದು ಬಿಚ್ಚುವ ಪ್ರಮೇಯವೇ ಇರಲಿಲ್ಲ. ಕಬ್ಬಿಣದ ನೇಗಿಲಿಗೆ ನಗದು ಬೇಕು, ಮುರಿದರೆ ಪೇಟೆಯಿಂದ ಬಿಡಿಭಾಗ ಬರಬೇಕು, ಬಿಡಿಭಾಗ ಬರುವುದರೊಳಗೆ ಹದ ಆರಿಹೋಗಬಹುದು. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಆಲೂಗಡ್ಡೆ ಬಿತ್ತುವವರಿಗೆ ಒಂದು ವಾರ ತಪ್ಪಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಇನ್ನು ಎತ್ತಿನ ಶಕ್ತಿಯ ಪ್ರಶ್ನೆ. ಮರದ ನೇಗಿಲು ಮಣ್ಣನ್ನು ಗೀರುತ್ತಾ ಹೋಗುತ್ತದೆ. ಎರಡು ಸಾಲುಗಳ ನಡುವೆ ಉಳಿದ ಗಟ್ಟಿ ನೆಲಕ್ಕಾಗಿ ಅಡ್ಡ ಉಳುಮೆ ಮಾಡಬೇಕು. ಕಬ್ಬಿಣದ ರೆಕ್ಕೆ ನೇಗಿಲು ಹೆಂಟೆಯನ್ನು ಮಗುಚಿ, ಕಳೆಯನ್ನು ಮಣ್ಣಿನಡಿಗೆ ಹಾಕುತ್ತದೆ, ಆದರೆ ಎಳೆಯಲು ಬಲವಾದ ಜೋಡಿ ಬೇಕು. ಬಡವನ ಕೊಟ್ಟಿಗೆಯಲ್ಲಿ ಅಂಥ ಜೋಡಿ ಇರಲಿಲ್ಲ.

ಇಷ್ಟೆಲ್ಲ ಇದ್ದೂ ನೇಗಿಲು ಮಾರಾಟವಾಯಿತೆಂದರೆ, ಅದರ ಹಿಂದೆ ಬರೀ ಹಟವಲ್ಲ, ಹೊಲದಲ್ಲಿ ಉತ್ತು ತೋರಿಸುವ ತಾಳ್ಮೆಯೂ ಇದ್ದಿರಬೇಕು. ಕಿರುಹೊತ್ತಿಗೆಯಲ್ಲಿ ರೈತನನ್ನು ದಡ್ಡನನ್ನಾಗಿ ತೋರಿಸಬೇಡಿ ಎಂಬುದು ನನ್ನ ವಿನಂತಿ.

ಅಜ್ಜಂಪುರ_ಮೇಷ್ಟ್ರು

ಅರಕಲಗೂಡಿನವರ ಮಾತು ಸರಿಯಾಗಿದೆ. ನಮ್ಮೂರಿನಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದರಿಂದ ಹೇಳುತ್ತೇನೆ: ಆ ತಳಿಯ ಎತ್ತಿನ ಜೋಡಿ ಯಾವ ನೇಗಿಲನ್ನಾದರೂ ಎಳೆದೀತು, ಆದರೆ ಅದನ್ನು ಕಟ್ಟಿ ಸಾಕುವ ಯೋಗ ಎಷ್ಟು ಮನೆಗಳಿಗಿತ್ತು?

ಮೂಡಿಗೆರೆ_ತೋಟ

"ಸ್ವಂತ ದುಡಿಮೆಯಿಂದ" ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀರಿ. ಅದಕ್ಕೆ ನನ್ನ ತಕರಾರಿದೆ.

ಬೆಳಗಾವಿಯಲ್ಲಿ ಅವರ ಕಾರ್ಖಾನೆ ಇದ್ದ ಜಾಗದಲ್ಲಿ ಹೊಸ ಬಡಾವಣೆ ಬರುತ್ತದೆಂದು ಪುರಸಭೆ ತೆರವು ಮಾಡಲು ಹೇಳಿದಾಗ ಅವರಿಗೆ ಹೋಗಲು ಜಾಗವಿರಲಿಲ್ಲ. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಮೊದಲು ಔಂಧದಲ್ಲಿ ಸಭಾಮಂಟಪ ಕಟ್ಟುವ ಕೆಲಸ ಕೊಟ್ಟರು, ಅನಂತರ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿ ಕೊಟ್ಟರು, ಅದರ ಮೇಲೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರ ಹತ್ತು ಸಾವಿರವೆಂದರೆ ಸಣ್ಣ ಮೊತ್ತವಲ್ಲ. ಪಾಪಾಸುಕಳ್ಳಿ ಬೆಳೆದು, ಹಾವು ತುಂಬಿದ್ದ ನೆಲವೇ ಇರಲಿ, ಪಕ್ಕದಲ್ಲಿ ರೈಲು ಇತ್ತು. ಬೀಡು ಕಬ್ಬಿಣ ಬರುವುದಕ್ಕೂ ನೇಗಿಲು ಹೋಗುವುದಕ್ಕೂ ಅದು ಬೇಕೇಬೇಕಿತ್ತು. ರಾಜನ ಭೂಮಿ, ರಾಜನ ಸಾಲ, ಜತೆಗೆ ಅಣ್ಣನ ಬೆಂಬಲ ಇದ್ದವರನ್ನು ಸ್ವಂತ ಬಲದಿಂದಲೇ ಮೇಲೆ ಬಂದವರೆಂದು ವಿದ್ಯಾರ್ಥಿಗಳಿಗೆ ಹೇಳಿದರೆ, ಬಂಡವಾಳವಿಲ್ಲದೆ ಕುಳಿತಿರುವ ಹುಡುಗ ತನ್ನಲ್ಲೇ ಏನೋ ಕೊರತೆ ಇದೆಯೆಂದು ತಿಳಿಯುತ್ತಾನೆ. ನಮ್ಮ ಕಡೆಯ ಕಾಫಿ ತೋಟದ ಕುಟುಂಬಗಳಲ್ಲೂ "ಅಜ್ಜ ಬರಿಗೈಲಿ ಬಂದರು" ಎಂಬ ಕಥೆಗಳಿವೆ. ನಮ್ಮ ಮನೆಯಲ್ಲೂ ಇದೆ. ಬರಿಗೈಲಿ ಬಂದವರಿಗೆ ಕಾಡು ಕೊಟ್ಟವರು ಯಾರು, ಗುಂಡಿ ತೋಡಿದ ಕೈಗಳು ಯಾರವು ಎಂದು ಕೇಳಿದರೆ ಊಟದ ಮನೆಯಲ್ಲಿ ಮಾತು ನಿಲ್ಲುತ್ತದೆ.

ಕಡೂರು_ಶಾರದೆ

ಮೂಡಿಗೆರೆಯ ಅಣ್ಣನವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಬೇರೆ ಪ್ರಶ್ನೆ. ಇಲ್ಲಿ ಕೇಳಿರುವುದು ದಾನದ ಬಗ್ಗೆ.

ನಮ್ಮ ಜಿಲ್ಲೆಗಳಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದ ಹಳೆಯ ತಲೆಮಾರಿನವರಿಗೆ ದಾನಿ ಎಂದರೆ ಗುಬ್ಬಿ ತೋಟದಪ್ಪನವರು. 1903ರಲ್ಲಿ ರೈಲು ನಿಲ್ದಾಣದ ಬಳಿ ಅವರ ಛತ್ರ ತೆರೆಯಿತು. ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಅವರ ಹೆಸರು ಕಾಣುತ್ತಿತ್ತು. ಅವರು ವ್ಯಾಪಾರಿ; ಗಳಿಸಿದ್ದನ್ನು ಒಂದು ಕಡೆ ಇಟ್ಟು, ಧರ್ಮಕ್ಕೆ ಬಿಟ್ಟರು. ತಯಾರಕರಲ್ಲಿ ಉದಾಹರಣೆ ಬೇಕಿದ್ದರೆ ಮೈಸೂರಿನ ಎನ್. ರಂಗರಾಯರಿದ್ದಾರೆ. 1948ರಲ್ಲಿ ಅಗರಬತ್ತಿ ತಯಾರಿಕೆ ಆರಂಭಿಸಿ ಸೈಕಲ್ ಬ್ರ್ಯಾಂಡನ್ನು ಮನೆಮನೆಯ ದೇವರ ಕೋಣೆಗೆ ತಲುಪಿಸಿದವರು. 1980ರಲ್ಲಿ ಅವರು ತೀರಿಕೊಂಡ ಮೇಲೆ, 1988ರಲ್ಲಿ ಅವರ ಹೆಸರಿನಲ್ಲಿ ಅಂಧ ಹೆಣ್ಣುಮಕ್ಕಳಿಗಾಗಿ ಮೈಸೂರಿನಲ್ಲಿ ಶಾಲೆ ಆರಂಭವಾಯಿತು. ಈ ಎರಡೂ ಕಡೆ ದುಡಿಮೆ ಒಂದು ಲೆಕ್ಕ, ದಾನ ಇನ್ನೊಂದು ಲೆಕ್ಕ. ಎರಡು ಖಾತೆಗಳ ನಡುವೆ ಗೆರೆ ಇದೆ.

ಕಿರ್ಲೋಸ್ಕರರ ಲೆಕ್ಕದಲ್ಲಿ ಆ ಗೆರೆಯನ್ನು ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಸಮಿತಿಯ ಹಿರಿಯರಿಗೆ ತೊಡಕಾಗಿರುವುದು ಇದೇ ಎಂದು ಕಾಣುತ್ತದೆ. ಕಿರ್ಲೋಸ್ಕರವಾಡಿಗೆ ಹೋದಾಗ ಅವರ ಜತೆಗಿದ್ದವರು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳು. ಮನೆ, ನೀರು, ಶಾಲೆ, ಬೀದಿಯ ಶುಚಿ ಇವುಗಳನ್ನು ಕಾರ್ಖಾನೆಯ ಕೆಲಸವೆಂದೇ ಎಣಿಸಿ ರಾಮುಅಣ್ಣನವರು ನೋಡಿಕೊಂಡರು. ಊರಿನಲ್ಲಿ ಅಸ್ಪೃಶ್ಯತೆ ಇರಕೂಡದು ಎಂಬುದು ಮೊದಲಿನಿಂದಲೂ ಇದ್ದ ನಿಯಮ. 1910ರಲ್ಲಿ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಹಣ ಕೊಟ್ಟು ಹೆಸರು ಪಡೆಯುವ ದಾನಿ ತನ್ನ ಸುತ್ತಲಿನವರ ಕೋಪವನ್ನು ಎದುರಿಸಬೇಕಾಗಿಲ್ಲ. ಇಂಥ ನಿಯಮ ಮಾಡಿದವರು ಸ್ವಂತ ಜಾತಿಯವರಿಂದಲೇ ಮಾತು ಕೇಳಬೇಕಾಗುತ್ತದೆ.

ಸಕಲೇಶಪುರ_77

ಮರಾಠಿ ಮಾತಿನ ಮನೆಯವರು, ಊರು ಕಟ್ಟಿದ್ದು ಇಂದಿನ ಸಾಂಗಲಿ ಜಿಲ್ಲೆಯಲ್ಲಿ. ಹಾಸನದ ಕಿರುಹೊತ್ತಿಗೆಗೆ ಕನ್ನಡಿಗರೇ ಸಿಗಲಿಲ್ಲವೇ?

ವಾಚನಾಲಯ_ಹಾಸನ

ಹುಟ್ಟೂರು ಸವದತ್ತಿ ತಾಲ್ಲೂಕಿನದು, ಮೊದಲ ಅಂಗಡಿ ಬೆಳಗಾವಿಯದು. ಅಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ. ಗಡಿಯ ವಿವಾದವನ್ನು ಇಲ್ಲಿಗೆ ತರುವುದು ಬೇಡವೆಂದು ವಿನಂತಿ.

ಅಜ್ಜಂಪುರ_ಮೇಷ್ಟ್ರು

ಸಕಲೇಶಪುರದವರ ಪ್ರಶ್ನೆಯಲ್ಲಿ ಗಡಿಯನ್ನು ಬದಿಗಿಟ್ಟರೆ ಒಂದು ಒಳ್ಳೆಯ ಪ್ರಶ್ನೆ ಉಳಿಯುತ್ತದೆ. ಆ ಕಾಲದಲ್ಲಿ ನಮ್ಮ ಹಾಸನ, ಚಿಕ್ಕಮಗಳೂರು, ಕಡೂರು ಸೀಮೆಗಳಿಂದ ಅಂಥ ಒಬ್ಬ ತಯಾರಕ ಏಕೆ ಮೇಲೆ ಬರಲಿಲ್ಲ? ನನಗೆ ತೋಚುವ ಒಂದು ಕಾರಣ, ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ತಯಾರಕನಾಗಿತ್ತು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಹಾಕಿದ ದಾರಿಯಲ್ಲಿ ಸಾಬೂನು, ಗಂಧದೆಣ್ಣೆ, ಭದ್ರಾವತಿಯ ಕಬ್ಬಿಣ ಎಲ್ಲವೂ ಸರ್ಕಾರದ ಕಾರ್ಖಾನೆಗಳಾಗಿಯೇ ಬಂದವು. ನಮ್ಮ ಮಲೆನಾಡಿನಲ್ಲಿ ದುಡ್ಡಿದ್ದದ್ದು ಕಾಫಿ, ಏಲಕ್ಕಿ, ಅಡಕೆಯಲ್ಲಿ. ಆ ದುಡ್ಡು ತೋಟಕ್ಕೇ ಮರಳಿತು, ಇಲ್ಲವೇ ದೇವಸ್ಥಾನಕ್ಕೆ, ಶಾಲೆಗೆ ಹೋಯಿತು. ಔಂಧದಂಥ ಪುಟ್ಟ ಸಂಸ್ಥಾನಕ್ಕೆ ಸ್ವಂತ ಕಾರ್ಖಾನೆ ಹಾಕುವ ಶಕ್ತಿ ಇರಲಿಲ್ಲ. ಹಾಗಾಗಿ ಕಾರ್ಖಾನೆ ಹಾಕಬಲ್ಲವನನ್ನು ಕರೆದು ಕೂರಿಸಿತು. ಇದು ನನ್ನ ಊಹೆ. ಆದರೂ ರಾಜ ಕೊಟ್ಟ ಭೂಮಿಯನ್ನು ಬರೀ ಕೃಪೆಯೆಂದು ನೋಡದೆ, ಸಂಸ್ಥಾನಕ್ಕೂ ಅದರಲ್ಲಿ ಲಾಭವಿತ್ತೆಂದು ನೋಡಬೇಕು.

ಇನ್ನೊಂದು ಸಂಗತಿ. ಕಿರ್ಲೋಸ್ಕರವಾಡಿಯ ಮೊದಲ ತಂಡದಲ್ಲಿ ಯಾರಿದ್ದರೆಂಬುದನ್ನು ಕಿರುಹೊತ್ತಿಗೆಯಲ್ಲಿ ವಿಸ್ತಾರವಾಗಿ ಬರೆಯಿರಿ. ಓದಿನಲ್ಲಿ ನಪಾಸಾದ ಒಬ್ಬರು, ಶಾಲೆಯನ್ನೇ ಅರ್ಧಕ್ಕೆ ಬಿಟ್ಟು ಯಂತ್ರವಿನ್ಯಾಸದಲ್ಲಿ ಕೈ ಪಳಗಿಸಿಕೊಂಡ ಮತ್ತೊಬ್ಬರು. ರಾತ್ರಿ ಕಾವಲಿಗೆ ಇಟ್ಟದ್ದು ದರೋಡೆಗಾಗಿ ಶಿಕ್ಷೆ ಅನುಭವಿಸಿ ಬಂದಿದ್ದ ಇಬ್ಬರನ್ನು. 1871ರ ಕಾಯ್ದೆಯ ಪ್ರಕಾರ ಬ್ರಿಟಿಷ್ ಸರ್ಕಾರ ಕೆಲವು ಸಮುದಾಯಗಳಲ್ಲಿ ಹುಟ್ಟಿದವರನ್ನೆಲ್ಲ ಅಪರಾಧಿಗಳೆಂದು ಪಟ್ಟಿ ಮಾಡುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಜೈಲಿನಿಂದ ಬಂದವನ ಕೈಗೆ ಊರಿನ ಕಾವಲು ಕೊಟ್ಟವರನ್ನು ಏನೆಂದು ಕರೆಯಬೇಕು? ಅದೇ ಔಂಧ್ ಸಂಸ್ಥಾನದಲ್ಲಿ 1939ರಲ್ಲಿ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಆರಂಭವಾಯಿತು. ಗೋಡೆಯಿಲ್ಲದ ಕಡೆ ಕೈದಿಗಳು ಬೇಸಾಯ ಮಾಡಿಕೊಂಡಿದ್ದರು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುವುದಿಲ್ಲ, ಆ ನೆಲದ ಗಾಳಿ ಹಾಗಿತ್ತು ಎನ್ನುತ್ತೇನೆ.

ಟರ್ನರ್_ಬಿಎಂರಸ್ತೆ

ಮೇಷ್ಟ್ರೇ, ನೀವು ಮತ್ತು ಶಾರದಕ್ಕ ಹೇಳಿದ್ದನ್ನು ಎರಡು ಸಲ ಓದಿದೆ. ನನ್ನ ಮತ ಬದಲಾಗಿಲ್ಲ, ಆದರೂ ಕೆಲಸಗಾರನ ಕಡೆಯಿಂದ ಒಂದು ಮಾತು ಹೇಳಲೇಬೇಕು.

ಕಂಪನಿಯ ಮನೆಯಲ್ಲಿ ವಾಸ ಮಾಡಿದವರಿಗೆ ಗೊತ್ತು: ಕೆಲಸ ಕೊಡುವವನೂ ಮನೆ ಕೊಡುವವನೂ ಒಬ್ಬನೇ ಆದರೆ, ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಮಕ್ಕಳ ಶಾಲೆಯೂ ಬದಲಾಗುತ್ತದೆ. ಮೇಲ್ವಿಚಾರಕನ ಜತೆ ಜಗಳವಾಡಿ ಬಂದವನು ಸಂಜೆ ಅದೇ ಮೇಲ್ವಿಚಾರಕನ ಮನೆಯ ಮುಂದೆ ಹಾದು ತನ್ನ ಮನೆ ಸೇರಬೇಕು. ಯಜಮಾನ ಒಳ್ಳೆಯವನಾಗಿದ್ದರೆ ಆ ಊರು ಸ್ವರ್ಗ. ಅವನ ನಂತರ ಬರುವವನು ಹೇಗಿರುತ್ತಾನೆಂದು ಯಾರು ಬಲ್ಲರು? ಇಂಗ್ಲೆಂಡಿನಲ್ಲಿ ಸಾಬೂನಿನ ಲೀವರ್ 1888ರಲ್ಲಿ ಪೋರ್ಟ್ ಸನ್‌ಲೈಟ್ ಎಂಬ ಊರು ಕಟ್ಟಿದಾಗಲೂ, ಚಾಕೊಲೇಟಿನ ಕ್ಯಾಡ್‌ಬರಿ ಕುಟುಂಬ ಬೋರ್ನ್‌ವಿಲ್ ಕಟ್ಟಿದಾಗಲೂ ಈ ಪ್ರಶ್ನೆ ಎದ್ದಿತ್ತು. ಕ್ಯಾಡ್‌ಬರಿಯವರು ಆಮೇಲೆ ಊರನ್ನು ಕಂಪನಿಯಿಂದ ಬೇರ್ಪಡಿಸಿ ಟ್ರಸ್ಟಿಗೆ ಒಪ್ಪಿಸಿದರು. ಶಾರದಕ್ಕ ಹೇಳಿದ ಆ ಗೆರೆ ಇಲ್ಲದಿರುವುದು ಕೊಡುವವನ ದೊಡ್ಡತನವಾಗಿ ಕಾಣಬಹುದು, ಪಡೆಯುವವನಿಗೆ ಆ ಗೆರೆಯೇ ರಕ್ಷಣೆ. ಛತ್ರದಲ್ಲಿ ಮಲಗಿ ಎದ್ದವನು ತೋಟದಪ್ಪನವರಿಗೆ ಮರುದಿನ ಏನೂ ಕೊಡಬೇಕಾಗಿರಲಿಲ್ಲ.

ಕಡೂರು_ಶಾರದೆ

ನಿಮ್ಮ ಮಾತಿಗೆ ಎದುರು ಹೇಳುವುದು ಕಷ್ಟ. ಒಂದಷ್ಟು ಮಾತ್ರ ಸೇರಿಸುತ್ತೇನೆ. ಋಣದ ಭಾರ ಹೊರಿಸುವ ಊರಿನಲ್ಲಿ ಸಾಮಾನ್ಯವಾಗಿ ಓದಿಗೆ, ಪ್ರಶ್ನೆಗೆ ಅವಕಾಶ ಕಡಿಮೆ. ಕಿರ್ಲೋಸ್ಕರವಾಡಿಯಿಂದ 1920ರಲ್ಲಿ ಒಂದು ಮರಾಠಿ ಪತ್ರಿಕೆ ಹೊರಟಿತು, 1930ರಲ್ಲಿ ಮಹಿಳೆಯರಿಗಾಗಿಯೇ ಇನ್ನೊಂದು. ನೇಗಿಲು ಮತ್ತು ಪಂಪು ಮಾಡುವ ಊರು ಹೆಂಗಸರ ವಿವಾಹ, ವಿದ್ಯೆ, ದುಡಿಮೆಗಳ ಬಗ್ಗೆ ಪತ್ರಿಕೆ ನಡೆಸಿದ್ದು ವಿಶೇಷವಲ್ಲವೇ? ಅದನ್ನು ನಡೆಸಿದವರು ಕುಟುಂಬದವರೇ ಆದ ಶಂಕರರಾವ್, ಲಕ್ಷ್ಮಣರಾಯರಲ್ಲ ಎಂಬುದನ್ನೂ ಬರೆಯಬೇಕು.

ಬೇಲೂರು_ನಿವೃತ್ತ

ತಡವಾಗಿ ಬಂದಿದ್ದೇನೆ, ಕ್ಷಮೆ ಇರಲಿ. ಇಷ್ಟು ಹೊತ್ತಿನ ಚರ್ಚೆಯಲ್ಲಿ 1948ರ ಮಾತು ಬರಲಿಲ್ಲ.

ಗಾಂಧೀಜಿಯವರ ಹತ್ಯೆ ಮಾಡಿದವನು ಮಹಾರಾಷ್ಟ್ರದ ಬ್ರಾಹ್ಮಣನೆಂದು ತಿಳಿದ ಮೇಲೆ ಆ ಭಾಗದಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. ಕಿರ್ಲೋಸ್ಕರರೂ ಬ್ರಾಹ್ಮಣರೇ; ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಗುಂಪು ಬೆಂಕಿ ಹಚ್ಚಿತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ವರ್ಷ. ಮೂವತ್ತೆಂಟು ವರ್ಷಗಳ ಹಿಂದೆ ಜಾತಿಯ ಭೇದ ಇರಕೂಡದೆಂದು ಕಟ್ಟಿದ ಊರನ್ನು ಜಾತಿಯ ಹೆಸರಿನಲ್ಲೇ ಸುಟ್ಟರು. ಇದನ್ನು ಬರೀ ಕೃತಘ್ನತೆ ಎಂದು ಬರೆದರೆ ಸುಲಭವಾಗುತ್ತದೆ, ಆದರೆ ನನಗೆ ಬೇರೊಂದು ಅನುಮಾನವಿದೆ. ಬೇಲಿಯ ಒಳಗಿನವರಿಗೆ ಮನೆ, ನೀರು, ಶಾಲೆ, ಸಂಬಳ ಇತ್ತು. ಬೇಲಿಯ ಹೊರಗಿನ ಹಳ್ಳಿಗಳಿಗೆ? ನೇಗಿಲು ಕೊಂಡ ರೈತನಿಗೆ ಆ ಕಾರ್ಖಾನೆ ಎಷ್ಟರಮಟ್ಟಿಗೆ ತನ್ನದೆನ್ನಿಸಿತ್ತು? ಸಮಿತಿಯ ಹಿರಿಯರು ಕೇಳಿದ ಛತ್ರ, ಆಸ್ಪತ್ರೆಗಳ ಪ್ರಶ್ನೆಯನ್ನು ನಾನು ಈ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತೇನೆ. ಛತ್ರ ದಾರಿಹೋಕನದು, ಕಾರ್ಖಾನೆಯ ಊರು ಹಾಜರಿ ಪುಸ್ತಕದಲ್ಲಿ ಹೆಸರಿದ್ದವನದು. ಗಲಭೆಗೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆ ವಾರ ಬೇರೆ ಎಷ್ಟೋ ಊರುಗಳಲ್ಲಿ ನಿರಪರಾಧಿಗಳ ಮನೆಗಳೂ ಉರಿದವು.

ಅವರು ಕಾರ್ಖಾನೆಯನ್ನು ಮತ್ತೆ ಎಬ್ಬಿಸಿದರು. ಇಂದಿಗೂ ಅಲ್ಲಿ ಪಂಪುಗಳು ತಯಾರಾಗುತ್ತಿವೆ.

ಮೂಡಿಗೆರೆ_ತೋಟ

ಬೇಲೂರಿನ ಹಿರಿಯರ ಬರಹವನ್ನು ಓದಿದ ಮೇಲೆ, ನನ್ನ ತಕರಾರಿಗಿಂತ ಇದು ಮುಖ್ಯವೆಂದು ಕಾಣುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳ ಒಳಗೆ ಇರುವವರಿಗೂ ಪಕ್ಕದ ಆದಿವಾಸಿ ಹಾಡಿಯಲ್ಲಿ ಇರುವವರಿಗೂ ನಡುವಿನ ಅಂತರ ನಮಗೆ ಚೆನ್ನಾಗಿ ಗೊತ್ತು. 1948 ಇಲ್ಲದೆ ಕಿರುಹೊತ್ತಿಗೆ ಹೊರಡಬಾರದು.

ಸಕಲೇಶಪುರ_77

ಐಟಿಐ ಹುಡುಗರಿಗೆ ಇಷ್ಟೆಲ್ಲ ಬೇಕೇ? ಲೇತ್, ನೇಗಿಲು, ಛಲ ಸಾಕಲ್ಲ.

ಟರ್ನರ್_ಬಿಎಂರಸ್ತೆ

ಬೇಕು ಸ್ವಾಮಿ. ನಾಳೆ ಅವರಲ್ಲಿ ಕೆಲವರು ಶೆಡ್ ಹಾಕುತ್ತಾರೆ, ನಾಲ್ಕು ಜನಕ್ಕೆ ಸಂಬಳ ಕೊಡುತ್ತಾರೆ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಮೊದಲ ತಿಂಗಳೇ ಬರುತ್ತದೆ. ಜೈಲಿಗೆ ಹೋಗಿ ಬಂದವನೊಬ್ಬ ವೆಲ್ಡಿಂಗ್ ಕೆಲಸ ಕೇಳಿಕೊಂಡು ನಮ್ಮ ಬಾಗಿಲಿಗೂ ಬಂದಿದ್ದ. ಆಗ ಛಲದ ಪಾಠ ಉಪಯೋಗಕ್ಕೆ ಬರುವುದಿಲ್ಲ.

ವಾಚನಾಲಯ_ಹಾಸನ

ಎಲ್ಲರಿಗೂ ವಂದನೆಗಳು. ಈ ಚರ್ಚೆಯನ್ನು ಸಮಿತಿಯ ಮುಂದೆ ಇಟ್ಟೆ. ಹಿರಿಯರು ಪೂರ್ತಿ ಒಪ್ಪಿಲ್ಲ, ಆದರೆ ಪುಸ್ತಕಕ್ಕೆ ಸಮ್ಮತಿ ಕೊಟ್ಟಿದ್ದಾರೆ. ಸದ್ಯಕ್ಕೆ ನಿರ್ಧಾರವಾಗಿರುವುದು ಇಷ್ಟು: ರಾಜನ 32 ಎಕರೆ ಮತ್ತು ಸಾಲದ ವಿಷಯ ಮೊದಲ ಅಧ್ಯಾಯದಲ್ಲೇ ಬರುತ್ತದೆ. ನೇಗಿಲಿನ ಅಧ್ಯಾಯವನ್ನು ಅರಕಲಗೂಡಿನವರು ಬರೆದುಕೊಡುವುದಾಗಿ ಒಪ್ಪಿದ್ದಾರೆ. ಕೆಲಸಗಾರರ ವಸತಿಯ ಬಗ್ಗೆ ಟರ್ನರ್ ಅವರ ಬರಹವನ್ನು ಪ್ರತ್ಯೇಕವಾಗಿ, ಅವರ ಮಾತಿನಲ್ಲೇ ಹಾಕುತ್ತೇವೆ. 1948ರ ಅಧ್ಯಾಯವನ್ನು ಬೇಲೂರಿನ ಹಿರಿಯರು ನೋಡಿಕೊಡಬೇಕೆಂದು ಕೋರಿಕೆ. ಮುಖಪುಟದಲ್ಲಿ "ದಾನಿ" ಎಂದು ಹಾಕಬೇಕೆಂದು ಶಾರದೆಯವರು ಮತ್ತು ಮೇಷ್ಟ್ರು ಹೇಳುತ್ತಾರೆ, ಹಾಕಬಾರದೆಂದು ಹಿರಿಯರು ಮತ್ತು ಟರ್ನರ್ ಹೇಳುತ್ತಾರೆ. ಸದ್ಯಕ್ಕೆ "ತಯಾರಕ, ಊರು ಕಟ್ಟಿದವರು" ಎಂದು ಬರೆದಿಟ್ಟಿದ್ದೇವೆ.

ಬಿಡುಗಡೆಯ ದಿನ ಹಳೆಯ ಮರದ ನೇಗಿಲು ಮತ್ತು ರೆಕ್ಕೆ ನೇಗಿಲನ್ನು ಅಕ್ಕಪಕ್ಕ ಇಟ್ಟು ತೋರಿಸುವ ಆಸೆಯಿದೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ, ತರುವ ವ್ಯವಸ್ಥೆ ನಮ್ಮದು.

ಅರಕಲಗೂಡು_ರೈತ

ಮರದ ನೇಗಿಲು ನಮ್ಮಲ್ಲಿದೆ, ಕುಳ ಇಲ್ಲ. ರೆಕ್ಕೆ ನೇಗಿಲು ಪಕ್ಕದ ಮನೆಯವರದು. ಕೊಡುತ್ತೇನೆಂದಿದ್ದಾರೆ, ಆದರೆ ರೆಕ್ಕೆಯ ಬೋಲ್ಟು ತುಕ್ಕು ಹಿಡಿದು ಕೂತಿದೆ. ಟರ್ನರ್ ಅಣ್ಣನವರು ಒಮ್ಮೆ ನೋಡಿಕೊಟ್ಟರೆ ಒಳ್ಳೆಯದು.

ಟರ್ನರ್_ಬಿಎಂರಸ್ತೆ

ತಂದುಬಿಡಿ. ಬಿಚ್ಚುವ ಮೊದಲು ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ, ಹಳೆಯ ಎರಕ ಸೀಳುತ್ತದೆ. ಹಿಂದಿನ ದಿನ ಎಣ್ಣೆ ಬಿಟ್ಟಿಡಿ, ಸಾಕು.